ಕಟಿಂಗ್ ಮೇಜಿನ ಮೇಲೆ ಒಂದು ಮೊಲ

ಬುಟ್ಟಿಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚುವ ಮೊದಲು ಟೈಲರ್ ಮಾಸ್ಟರು ನನ್ನ ಮಣಿಕಟ್ಟು ಹಿಡಿದರು. "ಹುಷಾರು ಡಾಕ್ಟ್ರೇ, ಕಚ್ಬಿಡ್ತಾನೆ." ಅವರ ಹೆಬ್ಬೆರಳಿಗೆ ಸುತ್ತಿದ್ದ ಚಿಂದಿಯ ಮೇಲೆ ರಕ್ತ ಒಣಗಿತ್ತು. ಒಳಗೆ ಮಂಗನ ಮರಿಯೋ ಮುಂಗುಸಿಯೋ ಇರಬೇಕೆಂದುಕೊಂಡು ಬಟ್ಟೆ ಸರಿಸಿದೆ. ಬೆಳ್ಳಗಿನ ಮೊಲವೊಂದು ಕಿವಿಗಳನ್ನು ಬೆನ್ನಿಗೆ ಅಂಟಿಸಿಕೊಂಡು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು.

ಯುದ್ಧ ನಡೆಯುತ್ತಿದ್ದ ಕಾಲ ಅದು. ಹಲಸೂರಿನ ಕಡೆ ಇದ್ದ ನಮ್ಮ ದನದ ಆಸ್ಪತ್ರೆಗೆ ಬೆಳಗಾದರೆ ಕುಂಟುವ ಜಟಕಾ ಕುದುರೆಗಳು, ಕೆಚ್ಚಲು ಬಾತ ಎಮ್ಮೆಗಳು, ದೊರೆಗಳ ಬಂಗಲೆಯ ನಾಯಿಗಳು ಬರುತ್ತಿದ್ದವು. ಮೊಲವನ್ನು ಅದುವರೆಗೆ ಯಾರೂ ತಂದಿರಲಿಲ್ಲ. ಮದರಾಸಿನಲ್ಲಿ ಓದುವಾಗಲೂ ಮೊಲದ ವಿಷಯದಲ್ಲಿ ನಮಗೆ ಹೇಳಿಕೊಟ್ಟದ್ದು ಅಷ್ಟಕ್ಕಷ್ಟೆ.

ಮಾಸ್ಟರ ಮನೆ ಬ್ಲಾಕ್‌ಪಳ್ಳಿಯಲ್ಲಿ, ಈಗ ಶಿವಾಜಿನಗರ ಎನ್ನುವ ಕಡೆ. ಮನೆಯ ಮುಂಭಾಗವೇ ಹೊಲಿಗೆ ಅಂಗಡಿ. ಸೈನ್ಯದ ಷರಟು, ನಿಕ್ಕರುಗಳ ಕೆಲಸ ಬಂದ ಮೇಲೆ ಹೊಲಿಗೆ ಮಿಷನ್ನಿಗೆ ಬಿಡುವೇ ಇರಲಿಲ್ಲ. ಊರಿಗೆ ಹೊರಟಿದ್ದ ಒಬ್ಬ ದೊರೆಸಾನಿ, ತನ್ನ ಗೌನುಗಳನ್ನು ಹೊಲಿಯುತ್ತಿದ್ದ ಮಾಸ್ಟರ ಕೈಗೆ ಅಂಗೈಯಗಲದ ಈ ಮರಿಯನ್ನು ಕೊಟ್ಟು ಹೋಗಿದ್ದಳು. ಮಾಸ್ಟರು ಅದನ್ನು ತಂದು ತಾಯಿಯ ಮಡಿಲಿಗೆ ಹಾಕಿದರು. ಆಕೆಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಮುಟ್ಟಿ ನೋಡಿ "ರೂಯಿ" ಎಂದರಂತೆ. ಅವರ ಮಾತಿನಲ್ಲಿ ಹಾಗೆಂದರೆ ಹತ್ತಿ. ಮೊಲಕ್ಕೆ ಅದೇ ಹೆಸರಾಯಿತು.

"ಚಿಕ್ಕೋನಿದ್ದಾಗ ಫಕೀರನ ಥರ ಇದ್ದ ಡಾಕ್ಟ್ರೇ. ಕೊಟ್ಟಿದ್ದು ತಿನ್ನೋನು, ಅಮ್ಮನ ಮಡಿಲಲ್ಲಿ ಮಲಗೋನು. ಈಗ ಒಳಗೆ ಸೈತಾನ ಹೊಕ್ಕಿದ್ದಾನೆ," ಎಂದರು ಮಾಸ್ಟರು.

ಸೈತಾನನ ಕೆಲಸಗಳನ್ನೆಲ್ಲ ಅವರು ಒಂದೊಂದಾಗಿ ಹೇಳಿದರು. ಯಾರು ನಡೆದರೂ ಕಾಲಿನ ಸುತ್ತ ಗುರುಗುಟ್ಟುತ್ತ ಗಿರಕಿ ಹೊಡೆಯುವುದು. ಚಪ್ಪಲಿ, ದಿಂಬು, ಅಮ್ಮನ ಮೊಣಕೈ, ಸಿಕ್ಕಿದ್ದರ ಮೇಲೆ ಏರುವುದು, ತಳ್ಳಿದರೆ ಕಚ್ಚುವುದು. ಎಲ್ಲಕ್ಕಿಂತ ಕೆಟ್ಟದ್ದು, ಹಿಂದಿರುಗಿ ನಿಂತು ಉಚ್ಚೆಯನ್ನು ಪಿಚಕಾರಿಯಂತೆ ಹಾರಿಸುವುದು. ಹೊಲಿದು ಮಡಿಸಿಟ್ಟ ಖಾಕಿ ಷರಟುಗಳ ಮೇಲೆ ಹಳದಿ ಕಲೆ ಬಿದ್ದು ಒಂದು ಗಂಟು ಪೂರ್ತಿ ವಾಪಸಾಗಿತ್ತು. ಇನ್ನೊಮ್ಮೆ ಹಾಗಾದರೆ ಕೆಲಸವೇ ತಪ್ಪಿಹೋಗುತ್ತದೆ.

"ಮಾರ್ಕೆಟ್ಟಿಗೆ ಕೊಟ್ಬಿಡಿ ಅಂತಾರೆ ಎಲ್ರೂ. ಕೊಟ್ರೆ ಅಮ್ಮ ಅನ್ನ ಮುಟ್ಟಲ್ಲ. ಸಿಟ್ಟಿಳಿಯೋಕೆ ಒಂದು ದವಾ ಕೊಡಿ."

ಮೊಲವನ್ನು ಟವೆಲಿನಲ್ಲಿ ಸುತ್ತಿ ಪರೀಕ್ಷಿಸಿದೆ. ಒಳ್ಳೆ ಆರೋಗ್ಯ, ಮಿರುಗುವ ಕೂದಲು. ಕಾಯಿಲೆ ಯಾವುದೂ ಇರಲಿಲ್ಲ. ಪ್ರಾಯಕ್ಕೆ ಬಂದಿತ್ತು, ಅಷ್ಟೆ. ಇದಕ್ಕೆ ಕುಡಿಸುವ ಔಷಧಿ ಇಲ್ಲವೆಂದೂ ಹೋರಿಗೆ ಮಾಡಿಸುವಂತೆ ಬೀಜ ತೆಗೆಯಬೇಕಾಗುತ್ತದೆಂದೂ ಹೇಳಿದೆ.

"ಖಸ್ಸಿನಾ?" ಮಾಸ್ಟರು ಬುಟ್ಟಿಯ ಕಡೆ ನೋಡಿದರು. "ಇಷ್ಟು ಚಿಕ್ಕ ಜೀವಕ್ಕೆ?"

ನಮ್ಮ ದೊಡ್ಡ ಡಾಕ್ಟರೂ ಅದೇ ಕೇಳಿದರು. ಕುದುರೆ ನೋಡುವುದರಲ್ಲಿ ಇಡೀ ದಂಡಿನಲ್ಲಿ ಅವರಿಗೆ ಹೆಸರಿತ್ತು. "ಮೊಲ ಮೇಜಿನ ಮೇಲೆ ಸಾಯುತ್ತಪ್ಪ. ಕ್ಲೋರೋಫಾರ್ಮ್ ಮೂಸಿದ್ರೆ ಸಾಕು, ಹೃದಯ ನಿಂತ್ಹೋಗುತ್ತೆ. ಮಾಡ್ಲೇಬೇಕು ಅಂದ್ರೆ ಈಥರ್ ಕೊಟ್ಟು ಮಾಡು. ಆದ್ರೆ ಅವರಿಗೆ ಮೊದ್ಲೇ ಹೇಳ್ಬಿಡು."

ಹೇಳಲು ಅವತ್ತು ಸಂಜೆಯೇ ಅವರ ಮನೆಗೆ ಹೋದೆ. ಮಾಸ್ಟರ ತಾಯಿ ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದರು. ಸಣ್ಣ ದೇಹದ ಅಜ್ಜಿ, ಗಟ್ಟಿ ದನಿ. ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು. ಮೊಲವನ್ನು ತಂತಿಬಲೆಯ ಪೆಟ್ಟಿಗೆಗೆ ಹಾಕಿ ಮೂಲೆಯಲ್ಲಿ ಇಟ್ಟಿದ್ದರು. ಅದು ತಂತಿ ಕಚ್ಚಿ ಕಚ್ಚಿ ಎಳೆಯುತ್ತಿದ್ದ ಸದ್ದು ನಾನಿದ್ದಷ್ಟು ಹೊತ್ತೂ ನಿಲ್ಲಲಿಲ್ಲ.

"ಅಲ್ಲಾ ಕೊಟ್ಟಿದ್ದನ್ನ ಕಿತ್ಕೊಳ್ಳೋಕೆ ನೀನ್ಯಾರು ಬೇಟಾ?" ಎಂದು ಆಕೆ ನೇರವಾಗಿ ಕೇಳಿದರು.

ಹೋರಿಗಳಿಗೆ ಮಾಡುವಾಗ ಯಾರೂ ಹೀಗೆ ಕೇಳಿರಲಿಲ್ಲ. "ನಾನು ಯಾರೂ ಅಲ್ಲಮ್ಮಾ. ಆದ್ರೆ ಹೀಗೇ ಬಿಟ್ರೆ ಅವನು ಈ ಪೆಟ್ಟಿಗೇಲೇ ಇರ್ಬೇಕು. ಇಲ್ಲಾ ಮಾರ್ಕೆಟ್ಟಿಗೆ ಹೋಗ್ಬೇಕು. ಮಾಡಿದ್ರೆ ಬದುಕ್ತಾನೆ ಅಂತಾನೂ ಆಣೆ ಮಾಡಿ ಹೇಳಲಾರೆ."

ಆಕೆ ತಂತಿಯ ಸದ್ದಿನ ಕಡೆ ಕಿವಿಗೊಟ್ಟರು. "ಹಲ್ಲು ಮುರ್ಕೋತಾನೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮೊಲವನ್ನು ಹೊರಗೆ ತೆಗೆಯಲು ಕೈ ಚಾಚಿದಾಗ ಸೆರಗು ಜಾರಿತು. ಎಡಗೈ ಮುಂಗೈವರೆಗೆ ಬಾತು ಕೆಂಪಾಗಿತ್ತು, ನಡುವೆ ಎರಡು ಹಲ್ಲಿನ ಗುರುತು.

"ಅಮ್ಮಾ, ಇದ್ಯಾವಾಗ?" ಮಾಸ್ಟರು ಮಿಷನ್ ಬಿಟ್ಟು ಎದ್ದು ಬಂದರು.

"ಬಳೆ ಚುಚ್ಕೊಂಡಿತು."

"ನಿನ್ ಕೈಯಲ್ಲಿ ಬಳೆ ಎಲ್ಲಿದೆ?"

ಆಕೆ ಸೆರಗನ್ನು ಮತ್ತೆ ಕೈಯ ಮೇಲೆ ಎಳೆದುಕೊಂಡರು. ಕಚ್ಚಿದ್ದು ತಿಳಿದರೆ ಮೊಲವನ್ನು ಕಳಿಸಿಬಿಡುತ್ತಾರೆಂದು ದಿನಗಟ್ಟಲೆ ಆ ಕೈಯನ್ನು ಮುಚ್ಚಿಟ್ಟುಕೊಂಡಿದ್ದರು. ನಾನು ದನದ ಡಾಕ್ಟರು, ಆದರೂ ಆ ಊತ ನೋಡಿ ಹೆದರಿದೆ. ಈಗಿಂದೀಗಲೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಮಾಸ್ಟರನ್ನು ಹೊರಡಿಸಿದೆ. ಜಟಕಾ ಹತ್ತುವಾಗ ಆಕೆ ನನ್ನ ಕಡೆ ಮುಖ ತಿರುಗಿಸಿ, "ಮಾಡು ಬೇಟಾ. ಸಾಯಿಸ್ಬೇಡ," ಎಂದರು.

ಒಪ್ಪಿಗೆ ಸಿಕ್ಕಿದ ಮೇಲೆ ನನಗೆ ಭಯ ಹತ್ತಿತು. ಹೋರಿಯ ಬೀಜದ ಹುರಿಯನ್ನು ಇಕ್ಕಳದಲ್ಲಿ ಹಿಸುಕುತ್ತೇವೆ, ಕುದುರೆಯನ್ನು ಕೆಡವಿ ಕೊಯ್ಯುತ್ತೇವೆ. ಮೊಲದ ಒಳಗೆ ಏನೇನು ಎಲ್ಲೆಲ್ಲಿದೆಯೆಂದು ನಾನು ಕೈಯಿಂದ ಮುಟ್ಟಿ ನೋಡಿರಲಿಲ್ಲ. ರಸೆಲ್ ಮಾರ್ಕೆಟ್ಟಿಗೆ ಹೋಗಿ, ಆಗತಾನೆ ಕೊಯ್ದಿದ್ದ ಒಂದು ಗಂಡು ಮೊಲವನ್ನು ಚರ್ಮ ಸುಲಿಸದೆ ತೆಗೆದುಕೊಂಡು ಬಂದು ಬಿಚ್ಚಿ ನೋಡಿದೆ. ನೋಡಿದ್ದು ಒಳ್ಳೆಯದೇ ಆಯಿತು. ತೊಡೆಸಂದಿನಲ್ಲಿ ಹೊಟ್ಟೆಯಿಂದ ವೃಷಣಕ್ಕೆ ಬರುವ ದಾರಿ ಮೊಲ ಬೆಳೆದು ದೊಡ್ಡದಾದ ಮೇಲೂ ಅಗಲವಾಗಿ ತೆರೆದೇ ಇರುತ್ತದೆ. ಬೆರಳಿನಿಂದ ಒತ್ತಿದರೆ ವೃಷಣ ಸಲೀಸಾಗಿ ಹೊಟ್ಟೆಯೊಳಕ್ಕೆ ಜಾರಿಹೋಗುತ್ತಿತ್ತು. ಅದು ಒಳಗೆ ಹೋಗುವ ದಾರಿಯಲ್ಲೇ ಕರುಳು ಹೊರಗೆ ಬರಬಹುದು. ಕುದುರೆಗೆ ಮಾಡುವಂತೆ ಪೊರೆ ಸೀಳಿ ಗಾಯವನ್ನು ತೆರೆದು ಬಿಟ್ಟರೆ, ಮೊಲ ಎದ್ದು ಒಂದು ಸಲ ನೆಗೆದರೆ ಸಾಕು, ಕರುಳು ನೆಲಕ್ಕೆ ಬೀಳುತ್ತದೆ. ಹಾಗಾಗಿ ವೃಷಣದ ಸುತ್ತಲಿನ ಪೊರೆಯ ಚೀಲವನ್ನು ಸೀಳಲೇ ಬಾರದು, ಚೀಲದ ಸಮೇತ ಹೊರಗೆಳೆದು ಅದರ ಕುತ್ತಿಗೆಯನ್ನೇ ದಾರದಿಂದ ಬಿಗಿದು ಕಟ್ಟಬೇಕು. ಆಗ ದಾರಿಯೂ ಮುಚ್ಚುತ್ತದೆ, ರಕ್ತವೂ ನಿಲ್ಲುತ್ತದೆ. ಸತ್ತ ಮೊಲದ ಮೇಲೆ ಆ ಗಂಟನ್ನು ಹಾಕಿ ಹಾಕಿ ಬಿಚ್ಚಿದೆ.

ಆಪರೇಷನ್ನಿಗೆ ಗೊತ್ತು ಮಾಡಿದ ಬೆಳಿಗ್ಗೆ ಮಾಸ್ಟರು ಮೊಲವನ್ನು ಆಸ್ಪತ್ರೆಗೆ ತಂದರು. ಕಾಂಪೌಂಡರು ಹಿಡಿದುಕೊಂಡ. ನಾನು ಹತ್ತಿಯಿಟ್ಟ ಬಟ್ಟೆಯ ಕೊಳವೆಗೆ ಈಥರನ್ನು ಹನಿಹನಿಯಾಗಿ ಬಿಡುತ್ತ ಮೂತಿಯ ಹತ್ತಿರ ತಂದೆ. ನಾಯಿಯಾದರೆ ಒದ್ದಾಡುತ್ತದೆ, ಉಸಿರೆಳೆಯುತ್ತದೆ, ಮಲಗುತ್ತದೆ. ಇದು ಉಸಿರನ್ನೇ ಬಿಗಿಹಿಡಿದು ಕೂತುಬಿಟ್ಟಿತು. ಎಷ್ಟು ಹೊತ್ತು ಕಾದರೂ ಎದೆ ಅಲುಗಲಿಲ್ಲ. ಆಮೇಲೆ ತಡೆಯಲಾರದೆ ಒಂದೇ ಸಲ ಆಳವಾಗಿ ಎಳೆದುಕೊಂಡಿತು. ಅಷ್ಟೂ ಈಥರು ಒಟ್ಟಿಗೆ ಒಳಗೆ ಹೋಯಿತು. ಹಿಂಗಾಲು ಝಾಡಿಸಿ ಒದ್ದು ಸಡಿಲವಾಯಿತು. ತುಟಿ ನೀಲಿಗಟ್ಟಿತು.

"ಹೋಯ್ತು ಸಾರ್," ಎಂದ ಕಾಂಪೌಂಡರು.

ಕೊಳವೆಯನ್ನು ಕಿತ್ತೆಸೆದು, ನಾಲಿಗೆ ಹೊರಗೆಳೆದು, ಎರಡು ಬೆರಳುಗಳಿಂದ ಎದೆಗೂಡನ್ನು ಒತ್ತುತ್ತ ಬಿಡುತ್ತ ಹೋದೆ. ಮಾಸ್ಟರು ಬಾಗಿಲಲ್ಲಿ ನಿಂತು ಏನೋ ಪಠಿಸುತ್ತಿದ್ದುದು ಕಿವಿಗೆ ಬೀಳುತ್ತಿತ್ತು. ಕೊನೆಗೆ ಒಂದು ಬಿಕ್ಕಳಿಕೆಯಂಥ ಉಸಿರು ಬಂತು. ಇನ್ನೊಂದು ಬಂತು. ಮೂತಿಯ ಬಣ್ಣ ತಿರುಗಿತು. ಕತ್ತಿ ಮುಟ್ಟುವ ಪ್ರಶ್ನೆಯೇ ಇರಲಿಲ್ಲ. ಅವತ್ತಿನ ಕೆಲಸ ಅಲ್ಲಿಗೇ ನಿಂತಿತು.

ಮೊಲ ಪೂರ್ತಿ ಎಚ್ಚರಾಗುವವರೆಗೆ ಬುಟ್ಟಿಯಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂತೆ. ಹಿಂದಿನ ಗೂಡಿನಲ್ಲಿ ನಾಯಿ ಬೊಗಳಿದಾಗಲೆಲ್ಲ ಅದರ ಮೈಯೆಲ್ಲ ನಡುಗಿ ಕಲ್ಲಾಗುತ್ತಿತ್ತು. ಉಸಿರು ಆಗಲೂ ನಿಲ್ಲುತ್ತಿತ್ತು. ಈಥರಿಗೆ ಮೊದಲೇ ಅದು ಅರ್ಧ ಸತ್ತಿತ್ತು ಎಂದು ನನಗೆ ಹೊಳೆದದ್ದು ಆಗ. ನಾಯಿಗಳ ವಾಸನೆ, ಫಿನಾಯಿಲು, ಗುರುತಿಲ್ಲದ ಕೈಗಳು. ಇಂಥ ಜಾಗಕ್ಕೆ ತಂದು, ಸಾಲದೆಂದು ಮೂಗನ್ನೂ ಮುಚ್ಚಿದರೆ ಅದು ಬೇರೆ ಏನು ಮಾಡೀತು?

ಕುಂಟುವ ಕುದುರೆಗಳಲ್ಲಿ ನೋವು ಕಾಲಿನ ಯಾವ ಭಾಗದ್ದೆಂದು ಗೊತ್ತುಮಾಡಲು ದೊಡ್ಡ ಡಾಕ್ಟರು ಪ್ರೊಕೇನ್ ಚುಚ್ಚುತ್ತಿದ್ದರು. ಚುಚ್ಚಿದ ಜಾಗ ಮರಗಟ್ಟುತ್ತದೆ, ಪ್ರಾಣಿ ಎಚ್ಚರವಾಗಿಯೇ ಇರುತ್ತದೆ. ಅದನ್ನೇ ಯಾಕೆ ಇಲ್ಲಿ ಬಳಸಬಾರದು? ನಿದ್ದೆ ಬೇಡ, ಆಸ್ಪತ್ರೆಯೂ ಬೇಡ. ಅದರ ಮನೆಯಲ್ಲೇ, ಅದಕ್ಕೆ ಗೊತ್ತಿರುವ ಕೈ ಹಿಡಿದುಕೊಂಡಿರುವಾಗ ಮಾಡುವುದೆಂದು ತೀರ್ಮಾನಿಸಿದೆ.

ಇದನ್ನು ದೊಡ್ಡ ಡಾಕ್ಟರಿಗೆ ಹೇಳಿದೆ. ಯುದ್ಧದ ದೆಸೆಯಿಂದ ಪ್ರೊಕೇನು ಬೀರುವಿನೊಳಗೆ ಬೀಗ ಹಾಕಿಡುವ ವಸ್ತುವಾಗಿತ್ತು. ಎದ್ದು ಹೋಗಿ ತಾವೇ ಒಂದು ಶೀಷೆ ತಂದುಕೊಟ್ಟರು. "ನೀರು ಬೆರೆಸಿ ಚೆನ್ನಾಗಿ ತೆಳು ಮಾಡ್ಕೋ. ಚಿಕ್ಕ ಮೈ, ಹೆಚ್ಚಾದ್ರೆ ಸೆಳವು ಬಂದ್ಬಿಡುತ್ತೆ. ಹೊಲಿಗೆಗೆ ಕ್ಯಾಟ್‌ಗಟ್ ದಾರ ಕೇಳ್ಬೇಡ, ಇಲ್ಲ."

ಹೊಲಿಗೆಯ ದಾರ ಮಾಸ್ಟರ ಮನೆಯಲ್ಲೇ ಇತ್ತು. ಆದರೆ ಅವರನ್ನು ಒಪ್ಪಿಸುವುದೇ ಕಷ್ಟವಾಯಿತು. "ಒಂದ್ಸಲ ಸತ್ತು ಬಂದಿದ್ದಾನೆ, ಸಾಕು ಬಿಡಿ. ಯಾರಾದ್ರೂ ಸಾಕೋರಿದ್ರೆ ಕೊಟ್ಬಿಡ್ತೀನಿ," ಎಂದರು. ಕಚ್ಚುವ ಗಂಡು ಮೊಲವನ್ನು ಸಾಕುವವರು ಯಾರೂ ಇಲ್ಲವೆಂಬುದು ಅವರಿಗೂ ಗೊತ್ತಿತ್ತು.

ತಾಯಿಗೆ ಏನು ನಡೆಯಿತೆಂದು ಏನೂ ಮುಚ್ಚದೆ ಹೇಳಿದೆ. ಕೈಗೆ ದೊಡ್ಡಾಸ್ಪತ್ರೆಯ ಪಟ್ಟಿ ಕಟ್ಟಿತ್ತು, ಊತ ಇಳಿದಿತ್ತು. "ಈ ಸಲ ನೀವು ಹಿಡ್ಕೋಬೇಕು ಅಮ್ಮಾ. ನಿಮ್ಮ ಕೈ ಅಂದ್ರೆ ಅವನಿಗೆ ಹೆದರಿಕೆ ಇಲ್ಲ."

"ನನ್ನೇ ಕಚ್ದೋನು ಅವನು."

"ಹೆದರಿ ಕಚ್ಚಿದ್ದಲ್ಲ ಅದು."

ಆಕೆ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ಸರಿ, ಬಾ. ನನ್ನ ಮುಂದೇನೇ ಮಾಡು."

ರಜೆಯ ದಿನ ಬೆಳಿಗ್ಗೆ ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಕಟಿಂಗ್ ಮೇಜನ್ನು ಬೆಳಕಿಗೆ ಎಳೆದೆವು. ಗುಂಡಿಗೆ ಕಾಜಾ ಮಾಡುವ ರೇಷ್ಮೆ ದಾರವನ್ನೂ ನನ್ನ ಸೂಜಿ, ಕತ್ತಿಗಳನ್ನೂ ಮಾಸ್ಟರ ಹೆಂಡತಿ ಒಳಗೆ ಪಾತ್ರೆಯಲ್ಲಿ ಕುದಿಸಿಕೊಟ್ಟರು. ಅಜ್ಜಿ ಸ್ಟೂಲಿನ ಮೇಲೆ ಕೂತು ಮೊಲದ ಕಣ್ಣಿಗೆ ತಮ್ಮ ಹಳೇ ದುಪ್ಪಟ್ಟಿಯ ತುಂಡನ್ನು ಮುಚ್ಚಿ, ಕಿವಿಗಳ ಬುಡವನ್ನು ಸವರುತ್ತ ಕೆಳದನಿಯಲ್ಲಿ ಮಾತಾಡತೊಡಗಿದರು. ಏನು ಮಾತೆಂದು ಕೇಳಿದರೆ ಅಡುಗೆಮನೆಯ ಸುದ್ದಿ: ಇವತ್ತು ಬೇಳೆ ಬೇಯಲಿಲ್ಲ, ಪಕ್ಕದ ಮನೆಯವಳು ಹುಣಿಸೆಹಣ್ಣು ತೆಗೆದುಕೊಂಡು ಹೋದಳು. ಅಂಗಾತ ಮಲಗಿಸಿದ ಮೊಲ ಮೆಲ್ಲಗೆ ಸಡಿಲವಾಯಿತು.

ಕೂದಲು ಬೋಳಿಸಿ, ಅಯೋಡಿನ್ ಹಚ್ಚಿ, ಸಣ್ಣ ಸೂಜಿಯಿಂದ ಪ್ರೊಕೇನನ್ನು ಚರ್ಮದ ಕೆಳಗೆ ಬಿಟ್ಟೆ. ಚುಚ್ಚಿದ ತಕ್ಷಣ ಎರಡೂ ವೃಷಣಗಳು ಹೊಟ್ಟೆಯೊಳಕ್ಕೆ ಸೇರಿಕೊಂಡವು. ಮಾರ್ಕೆಟ್ಟಿನ ಮೊಲವನ್ನು ನೋಡಿರದಿದ್ದರೆ ಅಲ್ಲೇ ಕೈಚೆಲ್ಲುತ್ತಿದ್ದೆ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಇಟ್ಟು ಕಾದೆ. ಕೆಳಹೊಟ್ಟೆಯನ್ನು ಹಿಂದಕ್ಕೆ ನೇವರಿಸಿದಾಗ ಒಂದು ಜಾರಿ ಬಂತು. ಹೆಬ್ಬೆರಳಿನಿಂದ ಹಿಂದಿನ ದಾರಿಯನ್ನು ಒತ್ತಿಹಿಡಿದು ಚರ್ಮವನ್ನು ಉಗುರಿನಷ್ಟು ಸೀಳಿದೆ. ಮೊಲ ಅಲುಗಲಿಲ್ಲ.

ಪೊರೆಯ ಚೀಲ ನೀಲಿಬಿಳಿ ಬಣ್ಣದ ದ್ರಾಕ್ಷಿಯಂತೆ ಹೊರಗೆ ಬಂತು. ಅದಕ್ಕೆ ಗೀರು ಬೀಳದಂತೆ ಸುತ್ತಲಿನ ಎಳೆಗಳನ್ನು ಬಟ್ಟೆಯಿಂದ ಬಿಡಿಸುತ್ತ ಹೋದೆ. ರೇಷ್ಮೆ ದಾರವನ್ನು ಕುತ್ತಿಗೆಗೆ ಸುತ್ತಿ ಬಿಗಿದೆ. ಜಾರದಿರಲೆಂದು ಸೂಜಿಯಲ್ಲಿ ಒಂದು ಸಲ ಒಳಗಿಂದ ಹಾಯಿಸಿ ಮತ್ತೊಂದು ಗಂಟು ಹಾಕಿದೆ. ಕತ್ತರಿಸಿದ ಮೇಲೆ ಬುಡವನ್ನು ಇಕ್ಕಳದಲ್ಲಿ ಹಿಡಿದು ನೋಡಿದೆ. ರಕ್ತ ಇಲ್ಲ. ಬಿಟ್ಟೆ. ಅದು ತಾನಾಗಿ ಒಳಗೆ ಸರಿದುಹೋಯಿತು.

"ಮುಗೀತಾ?" ಎಂದರು ಮಾಸ್ಟರು. ದಿನವಿಡೀ ಕತ್ತರಿ ಹಿಡಿಯುವ ಮನುಷ್ಯ, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

"ಒಂದಾಯ್ತು."

"ಇನ್ನೂ ಇದೆಯಾ?"

"ಎರಡಿರುತ್ತೆ ಕಣೋ," ಎಂದರು ಅಜ್ಜಿ.

ಎರಡನೆಯದು ಬೇಗ ಮುಗಿಯಿತು. ಮೊಲ ಹಲ್ಲಿನಿಂದ ಕಿತ್ತುಕೊಳ್ಳದಂತೆ ಹೊಲಿಗೆಯ ಗಂಟುಗಳನ್ನು ಚರ್ಮದ ಒಳಗೇ ಹುದುಗಿಸಿದೆ. ಬುಟ್ಟಿಗೆ ಬಿಟ್ಟಾಗ ಅದು ಕುಪ್ಪಳಿಸಿ ಮೂಲೆ ಸೇರಿತು. ಕರುಳು ಹೊರಗೆ ಬರಲಿಲ್ಲ. ನನ್ನ ಷರಟು ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಗೆದ್ದೆನೆಂದುಕೊಂಡೆ. ಮಾರನೆಯ ದಿನ ಹೋದಾಗ ಮೊಲ ಏನನ್ನೂ ತಿಂದಿರಲಿಲ್ಲ. ಬೆನ್ನು ಗೂನು ಮಾಡಿಕೊಂಡು ಹಲ್ಲು ಕಟಕಟಿಸುತ್ತ ಕೂತಿತ್ತು. ಬುಟ್ಟಿಯಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ. ಗಾಯ ಸ್ವಚ್ಛವಾಗಿತ್ತು, ಜ್ವರವಿರಲಿಲ್ಲ. ಆದರೆ ಮೊಲದ ಕರುಳು ಸದಾ ನಡೆಯುತ್ತಿರಬೇಕು. ನಿಂತರೆ ಹೊಟ್ಟೆ ಉಬ್ಬುತ್ತದೆ, ಆಮೇಲೆ ಯಾವ ಡಾಕ್ಟರಿಂದಲೂ ಆಗುವುದಿಲ್ಲ. ಕಿವಿಯಿಟ್ಟು ಕೇಳಿದೆ. ಹೊಟ್ಟೆಯೊಳಗೆ ಸದ್ದೇ ಇಲ್ಲ.

ಆಸ್ಪತ್ರೆಗೆ ಒಯ್ದು ನನ್ನ ಕಣ್ಣೆದುರು ಇಟ್ಟುಕೊಳ್ಳಲೇ ಎಂದು ಒಂದು ಗಳಿಗೆ ಯೋಚಿಸಿದೆ. ಆ ನಾಯಿಗಳ ನಡುವೆ ಅದು ಒಂದು ಹುಲ್ಲಿನ ಎಳೆಯನ್ನೂ ಮುಟ್ಟುವುದಿಲ್ಲ ಎಂದು ಅಲ್ಲೇ ಬಿಟ್ಟೆ. ಆಸ್ಪಿರಿನ್ನಿನ ಒಂದು ಚೂರನ್ನು ನೀರಿನಲ್ಲಿ ಕದಡಿ ಕುಡಿಸಿದೆವು. ಉಗುರುಬೆಚ್ಚಗಿನ ನೀರನ್ನು ಚಮಚದಲ್ಲಿ ಕೆನ್ನೆಯ ಪಕ್ಕದಿಂದ ಬಿಟ್ಟೆವು. ಅಜ್ಜಿಗೆ ಹೊಟ್ಟೆಯನ್ನು ಹೇಗೆ ಮೆಲ್ಲಗೆ ತಿಕ್ಕಬೇಕೆಂದು ಅವರ ಕೈಯ ಮೇಲೆ ನನ್ನ ಕೈಯಿಟ್ಟು ತೋರಿಸಿದೆ. ಬೈಯಪ್ಪನಹಳ್ಳಿಯ ಕಡೆಯಿಂದ ಹೆಂಗಸರು ದಂಡಿನ ಕುದುರೆಗಳಿಗೆ ಹುಲ್ಲಿನ ಹೊರೆ ಹೊತ್ತು ತರುತ್ತಿದ್ದರು. ಅವರನ್ನು ದಾರಿಯಲ್ಲಿ ನಿಲ್ಲಿಸಿ ಇಬ್ಬನಿ ಆರದ ಎಳೆ ಗರಿಕೆ ಆರಿಸಿಕೊಂಡು ಬಂದೆ. ಮಾಸ್ಟರು ಕೊತ್ತಂಬರಿ ತಂದರು. ಮೂಗಿನ ಹತ್ತಿರ ಹಿಡಿದರೆ ಮೊಲ ಮುಖ ತಿರುಗಿಸುತ್ತಿತ್ತು.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಸೈಕಲ್ ತುಳಿದುಕೊಂಡು ಹೋದೆ. ಅಂಗಡಿಯಲ್ಲಿ ಮಿಷನ್ನಿನ ಸದ್ದಿಲ್ಲ. ಆಗಿಹೋಯಿತೆಂದೇ ತಿಳಿದು ಹೊಸ್ತಿಲಲ್ಲೇ ನಿಂತೆ. ಒಳಗಿನಿಂದ ಅಜ್ಜಿಯ ದನಿ ಬಂತು.

"ಡಾಕ್ಟರ್ ಸಾಬ್ ಬಂದ್ರಾ? ಬಾ ಬೇಟಾ, ಕೈ ಚಾಚು!"

ಚಾಚಿದೆ. ನನ್ನ ಅಂಗೈ ಮೇಲೆ ಮೆಣಸಿನ ಕಾಳಿಗಿಂತ ಸ್ವಲ್ಪ ದಪ್ಪದ, ಗಟ್ಟಿಯಾದ, ಒಣಗಿದ ಒಂದು ಹಿಕ್ಕೆಯನ್ನಿಟ್ಟರು. ಆಮೇಲೆ ಇನ್ನೊಂದು. ಮಾಸ್ಟರು, ಅವರ ಹೆಂಡತಿ, ನಾನು ಮೂವರೂ ಆ ಎರಡು ಹಿಕ್ಕೆಗಳನ್ನು ಮುತ್ತು ನೋಡಿದ ಹಾಗೆ ನೋಡಿದೆವು. ಬುಟ್ಟಿಯಲ್ಲಿ ಮೊಲ ಗರಿಕೆಯ ಒಂದು ಎಳೆಯನ್ನು ತುದಿಯಿಂದ ಮೆಲ್ಲುತ್ತ ಒಳಗೆಳೆದುಕೊಳ್ಳುತ್ತಿತ್ತು. ಅಂದು ನನಗೆ ಆ ಮನೆಯಲ್ಲೇ ಊಟವಾಯಿತು. ಬೇಡವೆನ್ನಲು ಅಜ್ಜಿ ಬಿಡಲಿಲ್ಲ.

ಇಷ್ಟಾದರೂ ಮಾಸ್ಟರ ಕಷ್ಟ ತೀರಿರಲಿಲ್ಲ. ಗಾಯ ಮಾಗಿದ ಮೇಲೂ ಮೊಲ ಗುರುಗುಟ್ಟಿತು, ಗಿರಕಿ ಹೊಡೆಯಿತು, ಒಂದು ಷರಟಿನ ತೋಳಿನ ಮೇಲೆ ಉಚ್ಚೆ ಹಾರಿಸಿತು. ಮಾಸ್ಟರು ಆ ಷರಟನ್ನೇ ಹಿಡಿದುಕೊಂಡು ಆಸ್ಪತ್ರೆಗೆ ಬಂದರು. "ಡಾಕ್ಟ್ರೇ, ತಪ್ಪು ತಿಳೀಬೇಡಿ. ನೀವು ತೆಗೆದದ್ದಾದ್ರೂ ಏನು?"

"ಒಲೆಯಿಂದ ಸೌದೆ ಎಳೆದಿದ್ದೀನಿ ಮಾಸ್ಟ್ರೇ. ಒಲೆ ಆರೋಕೆ ಹೊತ್ತು ಬೇಕು. ರಕ್ತದಲ್ಲಿ ಸೇರಿದ್ದು ಒಂದೇ ದಿನಕ್ಕೆ ಹೋಗಲ್ಲ. ಅಲ್ಲೀವರ್ಗೂ ಬಟ್ಟೆ ಮೇಲಿಡಿ, ಅವನ್ನ ಒಳಕೋಣೇಲಿಡಿ."

ಧೈರ್ಯವಾಗಿ ಹೇಳಿದೆನೇ ಹೊರತು ಹೋರಿಗಳಲ್ಲಿ ಕಂಡದ್ದು ಮೊಲಕ್ಕೂ ಸರಿಹೋಗುತ್ತದೆಂಬ ನಂಬಿಕೆ ಬಿಟ್ಟರೆ ನನ್ನ ಹತ್ತಿರ ಬೇರೆ ಆಧಾರವಿರಲಿಲ್ಲ. ಆ ದಾರಿಯಲ್ಲಿ ಹೋದಾಗಲೆಲ್ಲ ಇಣುಕುತ್ತಿದ್ದೆ. ಮೊದಲು ಏರುವುದು ಕಡಿಮೆಯಾಯಿತು. ಆಮೇಲೆ ಗಿರಕಿ ನಿಂತಿತು. ಪಿಚಕಾರಿ ನಿಂತದ್ದು ಯಾವತ್ತೆಂದು ಯಾರಿಗೂ ತಿಳಿಯಲಿಲ್ಲ. ಒಂದು ದಿನ ಮಾಸ್ಟರ ಹೆಂಡತಿ, "ಈಚೆಗೆ ನೆಲ ಒರೆಸಿದ್ದೇ ನೆನಪಿಲ್ಲ," ಎಂದಾಗ ಎಲ್ಲರೂ ಲೆಕ್ಕ ಹಾಕಿ ನೋಡಿದರು. ಉಚ್ಚೆಗೆ ಒಂದು ಮೂಲೆಯನ್ನು ತಾನೇ ಗೊತ್ತುಮಾಡಿಕೊಂಡಿತ್ತು. ಎಲ್ಲ ಗುಣವೂ ಬದಲಾಗಲಿಲ್ಲ. ಗದ್ದವನ್ನು ಕಂಡಕಂಡದ್ದಕ್ಕೆ ಉಜ್ಜುವುದು, ಸಿಟ್ಟು ಬಂದರೆ ಹಿಂಗಾಲಿನಿಂದ ನೆಲಕ್ಕೆ ಧಡ್ ಎಂದು ಹೊಡೆಯುವುದು ಕೊನೆಯವರೆಗೂ ಉಳಿಯಿತು. ಕಚ್ಚಲಿಲ್ಲ. ಅಜ್ಜಿಯ ಮಡಿಲಿಗೆ ತಾನಾಗಿ ಹತ್ತಿ ಕೈಯ ಕೆಳಗೆ ತಲೆ ತೂರಿಸುವುದನ್ನು ಮತ್ತೆ ಶುರುಮಾಡಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಮ್ಮೆ ಷರಟಿಗೆ ಅಳತೆ ಕೊಡಲು ಹೋಗಿದ್ದೆ. ಮೇಜಿನ ಮೇಲೆ ಖಾಕಿ ಬಟ್ಟೆ ರಾಶಿ ಬಿದ್ದಿತ್ತು. ಕೆಲಸ ಅವಸರದ್ದೆಂದು ನೋಡಿದರೇ ತಿಳಿಯುತ್ತಿತ್ತು. ಆದರೆ ಮಾಸ್ಟರು ಕಾಲು ತುಳಿಯದೆ, ಬಲಗೈಯಿಂದ ಮಿಷನ್ನಿನ ಗಾಲಿಯನ್ನು ಮೆಲ್ಲಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಒಂದೊಂದೇ ಹೊಲಿಗೆ ಹಾಕುತ್ತಿದ್ದರು. ಬೆಲ್ಟು ಕಳಚಿ ಪಕ್ಕಕ್ಕೆ ಇಳಿಬಿಟ್ಟಿತ್ತು. ಮಿಷನ್ ಕೆಟ್ಟಿದೆಯೇ ಎಂದು ಕೇಳಲು ಬಾಯಿ ತೆರೆದೆ. ಅವರು ತುಟಿಯ ಮೇಲೆ ಬೆರಳಿಟ್ಟು, ಕಣ್ಣಿನಿಂದಲೇ ಕೆಳಗೆ ತೋರಿಸಿದರು.

ತುಳಿಯುವ ಕಬ್ಬಿಣದ ಹಲಗೆಯ ಮೇಲೆ ರೂಯಿ ನಾಲ್ಕೂ ಕಾಲು ಚಾಚಿ, ಹೊಟ್ಟೆ ಮೇಲೆ ಮಾಡಿಕೊಂಡು ನಿದ್ದೆ ಹೋಗಿತ್ತು.

"ಅಳತೆ ಆಮೇಲೆ ತಗೋತೀನಿ ಡಾಕ್ಟ್ರೇ," ಎಂದು ಮಾಸ್ಟರು ಪಿಸುಗುಟ್ಟಿದರು. "ನಾನೀಗ ಎದ್ರೆ ಅವನಿಗೆ ಎಚ್ಚರ ಆಗ್ಬಿಡುತ್ತೆ."